ಬಿಡುವ ಮುಂಚೆ ಪಾಸ್‌ಬುಕ್ ನೋಡು ತಮ್ಮಾ

"ನೌಕರಿ ಬಿಟ್ಟಬಿಡ್ತೀನ್ರಿ ಸರ್" ಎನ್ನುವ ಮಾತು ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಮಾರ್ಚ್, ಏಪ್ರಿಲ್ ಹೊತ್ತಿಗೆ ಹೆಚ್ಚು ಕಿವಿಗೆ ಬೀಳುತ್ತದೆ. ಹೊರಗುತ್ತಿಗೆಯ ಟೆಂಡರ್ ಮುಗಿಯುವುದು, ಏಜೆನ್ಸಿ ಬದಲಾಗುವುದು, ಆಸ್ಪತ್ರೆಯ ಗುತ್ತಿಗೆ ನವೀಕರಣಕ್ಕೆ ಹೋಗುವುದು, ಖಾಸಗಿ ಶಾಲೆಯವರು ಮುಂದಿನ ವರ್ಷದ ಮಾತೇ ಎತ್ತದಿರುವುದು, ಎಲ್ಲ ಅದೇ ಕಾಲಕ್ಕೆ. ಬಿಡುತ್ತೇನೆ ಎಂದವರಲ್ಲಿ ನಿಜವಾಗಿ ಬಿಡುವವರು ಕಡಿಮೆ. ಜೂನ್ ಬಂದರೆ ಮತ್ತೆ ಅದೇ ಕುರ್ಚಿ, ಅದೇ ಹಾಜರಿ ಪುಸ್ತಕ. ಆದರೆ ಮಾರ್ಚ್‌ನಲ್ಲಿ ಮನಸ್ಸಿನಿಂದ ಎದ್ದುಹೋದವರು ಜೂನ್‌ನಲ್ಲಿ ಪೂರ್ತಿ ವಾಪಸು ಬರುವುದಿಲ್ಲ. ನನಗೆ ಚಿಂತೆ ಇರುವುದು ಅದರದು.

ತಮ್ಮಾ, ನಾನು ನಿನಗೆ ಬಿಡು ಎಂದೂ ಹೇಳುವುದಿಲ್ಲ, ಬಿಡಬೇಡ ಎಂದೂ ಹೇಳುವುದಿಲ್ಲ. ಆ ಯೋಚನೆ ನಿನ್ನ ತಲೆಗೆ ಯಾವ ಬಾಗಿಲಿನಿಂದ ಬಂತು ಅನ್ನುವುದನ್ನು ಮೊದಲು ನೋಡು. ಕೆಲಸವೇ ನಿನಗೆ ಒಗ್ಗಲಿಲ್ಲವೋ? ಅಥವಾ ಕೆಲಸ ಒಗ್ಗಿದೆ, ಅದು ನಾಳೆ ಇರುತ್ತದೋ ಇಲ್ಲವೋ ಎಂಬ ಹೆದರಿಕೆಯೋ? ಮೊದಲನೆಯದಕ್ಕೆ ಬಿಡುವುದೇ ಮದ್ದು, ತಡ ಮಾಡಬಾರದು. ಎರಡನೆಯದಕ್ಕೆ ಬಿಟ್ಟರೂ ವಾಸಿಯಾಗುವುದಿಲ್ಲ, ಯಾಕೆಂದರೆ ಮುಂದಿನ ಕೆಲಸಕ್ಕೂ ಆ ಹೆದರಿಕೆ ನಿನ್ನ ಜೊತೆಗೇ ಬರುತ್ತದೆ.

ನಾನು ಗ್ರಾಮೀಣ ಬ್ಯಾಂಕಿನಲ್ಲಿ ದುಡಿದವನು. ಸೇರಿದಾಗ ಬಾಗಿಲ ಮೇಲೆ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಎಂದಿತ್ತು. 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಎಂದಾಯಿತು. ಬೋರ್ಡು ಬರೆಯುವ ಪೇಂಟರನಿಗೆ ಕೆಲಸ ಸಿಕ್ಕಿತೇ ಹೊರತು ನಮ್ಮ ಕುರ್ಚಿ ಅಲುಗಲಿಲ್ಲ. ಖಾಯಂ ನೌಕರಿ ಉಂಡು ನಿವೃತ್ತನಾದ ಈ ಮುದುಕ ನಮಗೇನು ಹೇಳುತ್ತಾನೆ ಎಂದು ನೀನು ಕೇಳಿದರೆ ತಪ್ಪಿಲ್ಲ. ಆದರೆ ಮೂರೂ ತಾಲೂಕಿನ ಪಗಾರದ ಖಾತೆಗಳನ್ನು ಕೌಂಟರಿನ ಒಳಗಿನಿಂದ ನೋಡಿದವನು ನಾನು. ಯಾರ ದುಡ್ಡು ಒಂದನೇ ತಾರೀಖಿಗೆ ಬೀಳುತ್ತದೆ, ಯಾರದು ನಾಲ್ಕು ತಿಂಗಳಿಗೊಮ್ಮೆ ಬೀಳುತ್ತದೆ, ಬಿದ್ದ ದಿನವೇ ಯಾರು ಪೂರ್ತಿ ತೆಗೆದುಕೊಂಡು ಹೋಗುತ್ತಾರೆ, ಇದೆಲ್ಲ ನಮಗೆ ಗೊತ್ತಾಗುತ್ತದೆ.

ಲಿಂಗಸುಗೂರಿನಲ್ಲಿದ್ದಾಗ ಒಬ್ಬ ಅತಿಥಿ ಉಪನ್ಯಾಸಕ ಸಾಲಕ್ಕೆ ಬಂದ. ಎಂ.ಎ., ಬಿ.ಎಡ್., ಒಳ್ಳೆಯ ಮಾತುಗಾರ. ತಂಗಿಯ ಮದುವೆಗೆ ಒಂದೂವರೆ ಲಕ್ಷ ಬೇಕಿತ್ತು. ಖಾಯಂ ನೌಕರನಾಗಿದ್ದರೆ ಪಗಾರದ ಚೀಟಿ, ಬಟವಾಡೆ ಅಧಿಕಾರಿಯ ಒಂದು ಪತ್ರ ಸಾಕು, ಸಂಜೆಯೊಳಗೆ ಖಾತೆಗೆ ಜಮಾ. ಇವನ ಆದೇಶ ಪತ್ರದಲ್ಲಿ ಆ ಶೈಕ್ಷಣಿಕ ವರ್ಷದ ಕೊನೆಗೆ ಸೇವೆ ತಾನಾಗಿಯೇ ಮುಗಿಯುತ್ತದೆ ಎಂದು ಬರೆದಿತ್ತು. ಮೂರು ವರ್ಷದ ಕಂತಿನ ಸಾಲವನ್ನು ಹತ್ತು ತಿಂಗಳ ನೌಕರಿಯ ಮೇಲೆ ಯಾವ ಬ್ಯಾಂಕು ಕೊಡುತ್ತದೆ? ಜಾಮೀನುದಾರನನ್ನು ಕರೆದುಕೊಂಡು ಬಾ ಅಂದೆ. ಮರುದಿನ ಅವನು ಕರೆದುಕೊಂಡು ಬಂದದ್ದು ತನ್ನದೇ ಕಾಲೇಜಿನ ಸಿಪಾಯಿಯನ್ನು. ಸಿಪಾಯಿ ಖಾಯಂ. ಆತ ಕನ್ನಡಕ ಹಾಕಿಕೊಂಡು, ತೋರಿಸಿದಲ್ಲೆಲ್ಲ ನಿಧಾನಕ್ಕೆ ಸಹಿ ಮಾಡಿದ. ಉಪನ್ಯಾಸಕ ಅಷ್ಟು ಹೊತ್ತೂ ಗೋಡೆಯ ಮೇಲಿನ ಬಡ್ಡಿದರದ ಪಟ್ಟಿಯನ್ನೇ ಓದುತ್ತ ನಿಂತಿದ್ದ.

ಸಾಲ ಮಂಜೂರಾಯಿತು, ಕಂತನ್ನೂ ಸರಿಯಾಗಿ ಕಟ್ಟಿದ. ಆದರೆ ಆ ಸಿಪಾಯಿಯೊಡನೆ ಮಾತು ಬಿಟ್ಟನಂತೆ. ಉಪಕಾರ ಮಾಡಿದವನ ಮೇಲೆ ಯಾಕಪ್ಪಾ ಸಿಟ್ಟು ಎಂದು ಕೇಳಿದರೆ ಉತ್ತರವಿಲ್ಲ. ಸಿಟ್ಟು ನೀರಿನ ಹಾಗೆ, ತಗ್ಗಿರುವ ಕಡೆ ಹರಿಯುತ್ತದೆ. ನಿನ್ನನ್ನು ಅತಂತ್ರ ಇಟ್ಟ ವ್ಯವಸ್ಥೆ ಬೆಂಗಳೂರಿನಲ್ಲಿದೆ, ಕೈಗೆ ಸಿಗುವುದಿಲ್ಲ. ಕೈಗೆ ಸಿಗುವವರು ಪಕ್ಕದ ಮೇಜಿನವರು, ಎದುರಿಗೆ ಕೂತ ವಿದ್ಯಾರ್ಥಿ, ವಾರ್ಡಿನಲ್ಲಿ ಮಲಗಿದ ರೋಗಿ, ಮನೆಯಲ್ಲಿ ಕಾಯುವ ಹೆಂಡತಿ. ನೌಕರಿಯ ಅಭದ್ರತೆ ಮೊದಲು ಹಾಳು ಮಾಡುವುದು ಜೇಬನ್ನಲ್ಲ, ಸ್ವಭಾವವನ್ನು. ಅಭದ್ರತೆ ಮನುಷ್ಯನ ಒಳಗೆ ಮಾಡುವ ಹಾನಿಯನ್ನು ಸ್ವೀಡನ್ನಿನ ಸಂಶೋಧಕರು ಅಂಕಿಸಂಖ್ಯೆಯಲ್ಲೇ ತೋರಿಸಿದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಹಾಕಿ 2002ರಲ್ಲಿ ನೋಡಿದಾಗ, ಕೆಲಸ ಹೋಗಬಹುದೆಂಬ ಭಯ ಇದ್ದವರಲ್ಲಿ ಕೆಲಸದ ತೃಪ್ತಿ, ಸಂಸ್ಥೆಯ ಮೇಲಿನ ಅಭಿಮಾನ, ಆರೋಗ್ಯ ಮೂರೂ ಕುಗ್ಗಿದ್ದವು, ಬಿಡುವ ಯೋಚನೆ ಹೆಚ್ಚಿತ್ತು. ಅದಕ್ಕೆ ಸ್ವೀಡನ್ ತನಕ ಹೋಗಬೇಕಿರಲಿಲ್ಲ, ಆ ಮಾತು ಬೇರೆ.

ಸಿಂಧನೂರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದ ಇನ್ನೊಬ್ಬ ಹುಡುಗ ನನಗೆ ಗೊತ್ತು. ಏಳು ವರ್ಷವಾದರೂ ಪುಸ್ತಕಗಳನ್ನು ಸಿಮೆಂಟ್ ಚೀಲದಲ್ಲಿ ಕಟ್ಟಿಯೇ ಇಟ್ಟಿದ್ದ. ಒಂದು ಕಬ್ಬಿಣದ ರ‍್ಯಾಕ್ ತಗೋ ಮಾರಾಯ ಎಂದರೆ, "ಮುಂದಿನ ವರ್ಸ ಎಲ್ಲಿರ್ತೀನೋ ಏನೋ ಸರ್" ಅನ್ನುತ್ತಿದ್ದ. ಏಳು ವರ್ಷ ಅದೇ ಕೋಣೆ, ಅದೇ ಕಾಲೇಜು. ಖಾಯಂ ಇಲ್ಲ ಎಂಬುದು ನಿಜ, ಆದರೆ ಏಳು ವರ್ಷದ ಬದುಕನ್ನೂ ಅವನು ಬದುಕಲಿಲ್ಲ. ಹೀಗೆ ಮಾಡಬೇಡ ತಮ್ಮಾ. ರ‍್ಯಾಕ್ ತಗೋ.

ನಮ್ಮ ಭಾಗದ ತಂದೆತಾಯಿಗಳು ಖಾಯಂ ನೌಕರಿಗೆ ಯಾಕೆ ಇಷ್ಟು ಜೀವ ಬಿಡುತ್ತಾರೆ ಎಂದು ಬೆಂಗಳೂರಿನ ಕಂಪನಿಯಲ್ಲಿರುವ ಹುಡುಗರು ನಗುತ್ತಾರೆ. ನಗಬಾರದು. ಮಸ್ಕಿ, ಲಿಂಗಸುಗೂರಿನ ಕಪ್ಪು ನೆಲದಲ್ಲಿ ಮಳೆ ನಂಬಿ ತೊಗರಿ, ಜೋಳ, ಹತ್ತಿ ಬಿತ್ತಿದವರಿಗೆ ಯಾವ ವರ್ಷ ಏನು ಸಿಗುತ್ತದೆ ಎಂದು ಗೊತ್ತಿರಲಿಲ್ಲ. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ನಾಲೆ ಬಂತು, ಭತ್ತ ಬಂತು, ವಲಸೆ ರೈತರ ಕ್ಯಾಂಪುಗಳು ಬಂದವು, ಮಿಲ್ಲುಗಳು ಎದ್ದವು. ಆದರೂ ಭಯ ಹೋಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಾಲೆ ನಂಬಿದ ಪ್ರತಿ ಮನೆಯಲ್ಲೂ ಎದೆ ಧಸಕ್ಕೆಂದಿತು. ಎರಡನೇ ಬೆಳೆಗೆ ನೀರಿಲ್ಲದಿದ್ದರೆ ರೈತನಿಗಷ್ಟೇ ಅಲ್ಲ, ಮಿಲ್ಲಿನ ಗುಮಾಸ್ತನಿಗೆ, ಹಮಾಲಿಗೆ, ಗೊಬ್ಬರದ ಅಂಗಡಿಯ ಹುಡುಗನಿಗೆ ಎಲ್ಲರಿಗೂ ಏಟು. ಅಂಥ ಮನೆಯ ತಂದೆ, ಮಗನ ಪಗಾರ ಒಂದನೇ ತಾರೀಖಿಗೆ ಬರಲಿ ಎಂದು ಬಯಸಿದರೆ ಅದು ಆಸೆಬುರುಕತನವಲ್ಲ. ಹೆಣ್ಣಿನ ಕಡೆಯವರು "ಹುಡುಗ ಪರ್ಮನೆಂಟ್ ಅದಾನೇನ್ರಿ?" ಎಂದು ಪಗಾರಕ್ಕಿಂತ ಮೊದಲು ಕೇಳುವುದೂ ಅದಕ್ಕೇ. ಆ ಪ್ರಶ್ನೆ ಹುಡುಗರ ಆತ್ಮವಿಶ್ವಾಸವನ್ನು ಎಷ್ಟು ತಿಂದಿದೆಯೋ ಲೆಕ್ಕವಿಲ್ಲ. ಹೆಣ್ಣುಮಕ್ಕಳ ಪಾಡು ಇನ್ನೂ ಒಂದು ಸುತ್ತು ಹೆಚ್ಚು. ಖಾಸಗಿ ಶಾಲೆಯಲ್ಲಿ ಕಲಿಸುವ ತಂಗಿಗೆ ಹೆರಿಗೆ ಎಂದರೆ ಎಷ್ಟೋ ಕಡೆ ರಜೆಯಲ್ಲ, ಬಿಡುಗಡೆಯೇ.

ನೀನು ಚಿಕ್ಕವನಿದ್ದಾಗಲೇ ಎರಡು ಬಾಗಿಲು ಮುಚ್ಚಿದವು, ಅದು ನಿನಗೆ ಗೊತ್ತಿರಬೇಕು. 2006ರ ಏಪ್ರಿಲ್ 1ರ ನಂತರ ಕರ್ನಾಟಕ ಸರ್ಕಾರದ ನೌಕರಿ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್. ಅದೇ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದ ತೀರ್ಪು ಕೊಟ್ಟಿತು. ಅದು ನಮ್ಮ ರಾಜ್ಯದ್ದೇ ಪ್ರಕರಣ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು. ನೇಮಕಾತಿಯ ನಿಯಮ ಬಿಟ್ಟು ಒಳಗೆ ಬಂದವರು ಬಹಳ ವರ್ಷ ದುಡಿದೆವು ಎಂಬ ಒಂದೇ ಕಾರಣಕ್ಕೆ ಖಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದಿತು ಕೋರ್ಟು. ಆಗಲೇ ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆಸರೆಯಿಲ್ಲದೆ ಹತ್ತು ವರ್ಷ ದುಡಿದಿದ್ದವರಿಗೆ ಒಂದೇ ಒಂದು ಸಲದ ಅವಕಾಶ ಕೊಟ್ಟಿತು. ಆ ಹತ್ತು ವರ್ಷದ ಮಾತು ಮಾತ್ರ ಎಲ್ಲರ ಕಿವಿಯಲ್ಲಿ ಉಳಿದುಬಿಟ್ಟಿದೆ. ಹತ್ತು ತುಂಬಿದರೆ ತಾನಾಗಿ ಖಾಯಂ ಎಂದು ನಂಬಿ ಕೂತವರನ್ನು ನಾನು ಇವತ್ತಿಗೂ ನೋಡುತ್ತೇನೆ. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಎಂಬ ಮಹಿಳೆಯ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ವರ್ಷಗಟ್ಟಲೆ ಖಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡು ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬೇಡಿ ಎಂದು ಸರ್ಕಾರಕ್ಕೆ ಹೇಳಿದೆ. ಬಾಗಿಲು ಒಂದು ಗೇಣು ತೆರೆದಿದೆ, ಅಷ್ಟೇ. ಪ್ರತಿ ಬಜೆಟ್ಟಿನ ಮುಂಚೆ ವಾಟ್ಸಾಪಿನಲ್ಲಿ ಹರಿದಾಡುವ "ಈ ಸಲ ಖಾಯಂ ಮಾಡ್ತಾರಂತ" ಎಂಬ ಸುದ್ದಿಯನ್ನು ನಂಬಿ ವಯೋಮಿತಿ ಕಳೆದುಕೊಳ್ಳಬೇಡ.

ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ನಮ್ಮವರಿಗೆ ದೊಡ್ಡ ಪಾಲು ಇದೆ. 'ಸಿ' ಗುಂಪಿನಲ್ಲಿ ನೂರಕ್ಕೆ 80. ಓದು, ಪರೀಕ್ಷೆ ಬರೆ. ಆದರೆ ಓದುವುದಕ್ಕಾಗಿ ಕೈಲಿರುವ ಕೆಲಸ ಬಿಡುವ ಮುಂಚೆ ಮನೆಯವರ ಎದುರಿಗೆ ಕೂತು ಒಂದು ತಾರೀಖು ಗೊತ್ತು ಮಾಡು. ಆ ತಾರೀಖು ದಾಟಿದರೆ ಬೇರೆ ದಾರಿ. ತಾರೀಖಿಲ್ಲದೆ ಓದುವವರು ಸಿಂಧನೂರಿನ ಕೋಣೆಗಳಲ್ಲಿ ತಲೆ ಬೆಳ್ಳಗೆ ಮಾಡಿಕೊಳ್ಳುತ್ತಿದ್ದಾರೆ.

ಇನ್ನು ಖಾಯಂ ಎಂದರೆ ಕಲ್ಲಿನ ಮೇಲೆ ಕೆತ್ತಿದ್ದು ಎಂಬ ಭ್ರಮೆಯೂ ಬೇಡ. ಲಿಂಗಸುಗೂರು ತಾಲೂಕಿನ ಹಟ್ಟಿ ಗಣಿಯನ್ನೇ ತಗೋ. 1947ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಕಂಪನಿ ಇವತ್ತು ರಾಜ್ಯ ಸರ್ಕಾರದ್ದು, ನಡೆಯುತ್ತಿದೆ. ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕನಿಗೆ ನಮ್ಮ ಮೂರೂ ತಾಲೂಕಿನಲ್ಲಿ ಒಂದು ಗತ್ತಿದೆ. ಅದೇ ಕಸುಬು, ಅದೇ ಬಂಗಾರ, ಕೋಲಾರದ ಕೆಜಿಎಫ್ ಕಥೆ ನೋಡು. ಅದೂ ಸರ್ಕಾರದ್ದೇ ಕಂಪನಿ, ಕೇಂದ್ರದ್ದು. ನೂರಿಪ್ಪತ್ತು ವರ್ಷ ನಡೆದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಅಪ್ಪ, ಅಜ್ಜ ಗಣಿಗೆ ಇಳಿದ ಮನೆಗಳ ಮಕ್ಕಳು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಿಎಸ್‌ಎನ್‌ಎಲ್‌ನಲ್ಲಿ 2020ರ ಜನವರಿ 31ರ ಒಂದೇ ದಿನ ದೇಶದಾದ್ಯಂತ ಸುಮಾರು 78 ಸಾವಿರ ಜನ ಸ್ವಯಂ ನಿವೃತ್ತಿ ತೆಗೆದುಕೊಂಡರು. ಎಲ್ಲರೂ ಖಾಯಂ ಇದ್ದವರೇ.

ಭದ್ರತೆಗೂ ತನ್ನದೊಂದು ಜಡ್ಡಿದೆ. ಯಾರೂ ನನ್ನನ್ನು ತೆಗೆಯಲಾರರು ಎಂದು ಗೊತ್ತಾದ ಮೇಲೆ ಎಷ್ಟೋ ಜನ ಕೆಲಸವನ್ನು ಬಿಡದೆಯೇ ಬಿಟ್ಟಿರುತ್ತಾರೆ. ಹತ್ತೂವರೆಗೆ ಬಂದು, ನಾಲ್ಕಕ್ಕೆ ಬಸ್ ಸ್ಟ್ಯಾಂಡಿನಲ್ಲಿರುವವರು. ಗುತ್ತಿಗೆಯವನು ಬಿಡುತ್ತೇನೆ ಎನ್ನುತ್ತಲೇ ಎರಡು ಪಾಲು ದುಡಿಯುತ್ತಾನೆ, ಖಾಯಂನವನು ಬಿಡುವ ಮಾತೇ ಆಡದೆ ಅರ್ಧ ಪಾಲು ದುಡಿಯುತ್ತಾನೆ. ಎಲ್ಲರೂ ಹೀಗಲ್ಲ. ಭದ್ರತೆ ಸಿಕ್ಕಿದ್ದಕ್ಕೇ ಅರಳಿದ ಮೇಷ್ಟ್ರುಗಳನ್ನೂ ಕಂಡಿದ್ದೇನೆ, ಸಾಲದ ಚಿಂತೆಯಿಲ್ಲದೆ ಇಡೀ ಊರಿಗೆ ಓದು ಹಚ್ಚಿದವರನ್ನು. ಆದರೆ ನೌಕರಿ ಗಟ್ಟಿಯಾದರೆ ಮನುಷ್ಯ ತಾನಾಗಿ ಒಳ್ಳೆಯ ಕೆಲಸಗಾರನಾಗುತ್ತಾನೆ ಎನ್ನುವವರ ಮಾತನ್ನು ನನ್ನ ಅನುಭವ ಒಪ್ಪುವುದಿಲ್ಲ.

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಇರುವ ಜಾಗ ಕೆಟ್ಟಾಗ ಮನುಷ್ಯನಿಗೆ ಎರಡು ದಾರಿ: ಎದ್ದುಹೋಗುವುದು, ಇಲ್ಲವೇ ಅಲ್ಲೇ ಇದ್ದು ದನಿ ಎತ್ತುವುದು. ಯಾವುದನ್ನು ಆರಿಸುತ್ತಾನೆ ಎಂಬುದನ್ನು ಅವನ ನಿಷ್ಠೆ ತೀರ್ಮಾನಿಸುತ್ತದೆ ಎಂದ. ನಮ್ಮ ಹುಡುಗರು ಎರಡನ್ನೂ ಮಾಡದೆ ಮೂರನೆಯದನ್ನು ಹಿಡಿಯುತ್ತಾರೆ: ಕೂತಲ್ಲೇ ಗೊಣಗುವುದು. ದನಿ ಎತ್ತಿದವರಿಗೆ ಏನೂ ಸಿಕ್ಕಿಲ್ಲವೆ? ಪೌರಕಾರ್ಮಿಕರು 2022ರ ಜುಲೈನಲ್ಲಿ ಕಸ ಎತ್ತುವುದನ್ನು ನಿಲ್ಲಿಸಿ ಕೂತರು. ಆ ವರ್ಷವೇ 11,133 ಜನರನ್ನು ಖಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ ಮತ್ತೆ 12 ಸಾವಿರಕ್ಕೂ ಹೆಚ್ಚು ಜನರಿಗೆ ಆದೇಶ ಪತ್ರ ಸಿಕ್ಕಿತು. ಹೆಣ್ಣುಮಕ್ಕಳೂ ಬೀದಿಗೆ ಇಳಿದ ಹೋರಾಟ ಅದು. ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ 11, 13 ಸಾವಿರ ಇದ್ದ ಗೌರವಧನ 2022ರಲ್ಲಿ ಗರಿಷ್ಠ 32 ಸಾವಿರಕ್ಕೆ ಏರಿದ್ದೂ ಬೀದಿಗೆ ಇಳಿದ ಮೇಲೆಯೇ. ನಮ್ಮ ಗ್ರಾಮೀಣ ಬ್ಯಾಂಕಿನವರಿಗೆ ಉಳಿದ ಬ್ಯಾಂಕುಗಳಂತೆ ಪಿಂಚಣಿ ಸಿಕ್ಕಿದ್ದು 2018ರಲ್ಲಿ, ಸುಪ್ರೀಂ ಕೋರ್ಟಿನ ತನಕ ಹೋದ ಮೇಲೆ. ಅಷ್ಟು ಹೊತ್ತಿಗೆ ನಮ್ಮವರಲ್ಲಿ ಹಲವರು ತೀರಿಹೋಗಿದ್ದರು. ದನಿ ಎತ್ತುವ ದಾರಿ ದೂರದ್ದು, ಸುಳ್ಳು ಹೇಳುವುದಿಲ್ಲ. ಆ ದಾರಿ ಹಿಡಿಯುವುದಾದರೆ ಒಬ್ಬನೇ ಹೋಗಬೇಡ, ಸಂಘದ ಜೊತೆ ಹೋಗು.

ಈಗ ಬ್ಯಾಂಕಿನವನ ಮಾತು ಕೇಳು. ಆರು ತಿಂಗಳ ಮನೆಖರ್ಚು ಖಾತೆಯಲ್ಲಿರುವವನು ಮೇಲಧಿಕಾರಿಯ ಮುಂದೆ ನಿಲ್ಲುವ ರೀತಿಯೇ ಬೇರೆ. ಸೊಕ್ಕಿನಿಂದಲ್ಲ, ನಡುಕವಿಲ್ಲದೆ ನಿಲ್ಲುತ್ತಾನೆ. ಅವನು ಬಿಟ್ಟರೂ ಯೋಚಿಸಿ ಬಿಡುತ್ತಾನೆ, ಉಳಿದರೂ ಯೋಚಿಸಿ ಉಳಿಯುತ್ತಾನೆ. ಸರ್ಕಾರವೋ ಮಾಲೀಕನೋ ಕೊಡದ ಭದ್ರತೆಯಲ್ಲಿ ಒಂದು ಪಾಲನ್ನು ನೀನೇ ಮಾಡಿಕೊಳ್ಳಬಹುದು. ಮೂರು ಸಾವಿರ, ಎರಡು ಸಾವಿರ, ಎಷ್ಟಾದರೂ ಆಗಲಿ, ಪಗಾರ ಬಿದ್ದ ದಿನವೇ ಆರ್‌ಡಿಗೆ ಹೋಗಲಿ. ಹಬ್ಬಕ್ಕೆ ಮೊಬೈಲ್ ಬದಲಿಸುವುದನ್ನು ಎರಡು ವರ್ಷ ಮುಂದೆ ಹಾಕು.

ಪಿಎಫ್ ಇದ್ದವರಲ್ಲಿ ಒಂದು ಕೆಟ್ಟ ಚಾಳಿ ಇದೆ. ಮಿಲ್ಲು ಬಿಟ್ಟು ಶೋರೂಮಿಗೆ, ಶೋರೂಮು ಬಿಟ್ಟು ಬೆಂಗಳೂರಿನ ಗೋದಾಮಿಗೆ ಹೋಗುವಾಗೆಲ್ಲ ಹಳೆಯ ಪಿಎಫ್ ತೆಗೆದು ಬೈಕಿನ ಮುಂಗಡಕ್ಕೆ ಕೊಡುವುದು. ಹಾಗೆ ಪಿಎಫ್ ಜೊತೆಗಿರುವ ಪಿಂಚಣಿಯ ದುಡ್ಡನ್ನೂ ತೆಗೆದಾಗೆಲ್ಲ ಸೇವೆಯ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ಆ ಪಿಂಚಣಿ ಸಿಗಲು ಹತ್ತು ವರ್ಷದ ಸೇವೆ ಬೇಕು. ಹತ್ತೇ ವರ್ಷಕ್ಕೆ, 15,000 ರೂಪಾಯಿಯ ಪಗಾರದ ಮಿತಿಯಲ್ಲಿ, ತಿಂಗಳಿಗೆ ಬರುವುದು ಸುಮಾರು 2,140 ರೂಪಾಯಿ. ಬಹಳ ಕಡಿಮೆ, ಒಪ್ಪಿದೆ. ಸೊನ್ನೆಗಿಂತ ವಾಸಿ. ಕೆಲಸ ಬದಲಿಸು, ಯುಎಎನ್ ನಂಬರ್ ಬದಲಿಸಬೇಡ, ಹಣವನ್ನು ವರ್ಗಾಯಿಸು. ಏಜೆನ್ಸಿಯವರು ಕಡಿದುಕೊಂಡ ಹಣ ಕಟ್ಟಿದ್ದಾರೋ ಇಲ್ಲವೋ ಎಂದು ಫೋನಿನಲ್ಲೇ ಪಾಸ್‌ಬುಕ್ ತೆರೆದು ನೋಡು. ಗುತ್ತಿಗೆದಾರ ಪಗಾರ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದ ಇರುವ ಮಾತು. ಏಜೆನ್ಸಿ ಓಡಿಹೋಯಿತು ಎಂದು ಕೈಚೆಲ್ಲಿ ಕೂರಬೇಡ.

ಗ್ರಾಚ್ಯುಟಿಯ ಲೆಕ್ಕವನ್ನೂ ಕಲಿ. ಕೊನೆಯ ಮೂಲ ಪಗಾರ, ತುಟ್ಟಿಭತ್ಯೆ ಸೇರಿ 18,000 ಇದ್ದರೆ ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸು, ಒಂದು ವರ್ಷಕ್ಕೆ ಸುಮಾರು 10,385 ರೂಪಾಯಿ. ಹತ್ತು ವರ್ಷಕ್ಕೆ ಲಕ್ಷ ದಾಟುತ್ತದೆ. ಖಾಯಂ ಕೆಲಸಗಾರನಿಗೆ ಇದು ಸಿಗಲು ಐದು ವರ್ಷ ತುಂಬಬೇಕು. ನಾಲ್ಕನೇ ವರ್ಷದಲ್ಲಿ ಮಾಲೀಕನ ಒಂದು ಮಾತಿಗೆ ಸಿಟ್ಟಾಗಿ ಕೀಲಿಕೈ ಎಸೆದು ಬರುವ ಮುಂಚೆ ಕ್ಯಾಲೆಂಡರ್ ನೋಡು. ನಿಗದಿತ ಅವಧಿಯ ಕರಾರಿನ ಮೇಲೆ ಇರುವವರಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಒಂದೇ ವರ್ಷ ಸಾಕು. ಅದಕ್ಕೇ ನೇಮಕದ ಪತ್ರ ಬರಹದಲ್ಲಿ ಇರಬೇಕು. ಬಾಯಿಮಾತಿನ ನೌಕರಿಗೆ ಯಾವ ಕಾಯ್ದೆಯೂ ನೆಟ್ಟಗೆ ದಕ್ಕುವುದಿಲ್ಲ. ಪಿಎಫ್ ಇಲ್ಲದ, ಗೌರವಧನದ ಮೇಲೆ ದುಡಿಯುವ ತಮ್ಮ ತಂಗಿಯರೇ, ಆದಾಯ ತೆರಿಗೆ ಕಟ್ಟುವಷ್ಟು ವರಮಾನವಿಲ್ಲದಿದ್ದರೆ ಅಟಲ್ ಪಿಂಚಣಿ ಯೋಜನೆಗೆ ಸೇರಿ. 25ನೇ ವಯಸ್ಸಿಗೆ ಸೇರಿದರೆ ತಿಂಗಳಿಗೆ 376 ರೂಪಾಯಿ, 60ರ ನಂತರ ತಿಂಗಳಿಗೆ 5,000. ತಡ ಮಾಡಿದಷ್ಟೂ ಕಂತು ಏರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಮನಸ್ಸು ಬಿಡು ಅಂದರೆ ಬಿಡು. ಧೈರ್ಯವಾಗಿ ಬಿಡು. ಆದರೆ ಫೋನ್ ಆಫ್ ಮಾಡಿಕೊಂಡು ಮಾಯವಾಗಬೇಡ. ನಮ್ಮ ಊರುಗಳು ಸಣ್ಣವು, ಮಸ್ಕಿಯಲ್ಲಿ ಬಿಟ್ಟ ಮಾತು ಸಂಜೆಯ ಬಸ್ಸಿಗೆ ಸಿಂಧನೂರಿಗೆ ಬರುತ್ತದೆ. ಪತ್ರ ಬರೆದು, ತಾರೀಖು ಹಾಕಿ, ಒಂದು ಪ್ರತಿಗೆ ಸ್ವೀಕೃತಿಯ ಸಹಿ ತಗೋ. ಅನುಭವ ಪತ್ರ ಕೇಳಿ ಇಸ್ಕೋ. ಉಳಿಯುವುದಾದರೆ ಪಾಠವನ್ನು ಪಾಠದ ಹಾಗೆ ಮಾಡು, ಇಂಜೆಕ್ಷನ್ನನ್ನು ಇಂಜೆಕ್ಷನ್ನಿನ ಹಾಗೆ ಕೊಡು. ನಿನ್ನ ಆದೇಶ ಪತ್ರದಲ್ಲಿ ಹತ್ತು ತಿಂಗಳು ಎಂದು ಬರೆದಿರುವುದು ಎದುರಿಗೆ ಕೂತ ಹಳ್ಳಿಯ ಹುಡುಗಿಗೆ ಗೊತ್ತಿಲ್ಲ. ಅವಳಿಗೂ ಆ ವರ್ಷ ಒಂದೇ ಸಲ ಬರುವುದು.

ಕೊನೆಯದಾಗಿ ಒಂದು ಮಾತು, ಇದು ಖಾಯಂ ಕುರ್ಚಿಯಲ್ಲಿ ಕೂತ ತಮ್ಮಂದಿರಿಗೆ, ತಂಗಿಯರಿಗೆ. ಗುತ್ತಿಗೆಯವರ ಪಗಾರ ತಡವಾಗುವುದಕ್ಕೆ ಯಾವಾಗಲೂ ಬೆಂಗಳೂರು ಕಾರಣವಲ್ಲ. ಅನುದಾನ ಬಂದಿರುತ್ತದೆ, ಬಿಲ್ಲು ಮಾತ್ರ ಯಾರದೋ ಮೇಜಿನ ಮೇಲೆ, ಒಂದು ಸಹಿಗಾಗಿ, ಇನ್ನೊಂದು ಕಡತದ ಕೆಳಗೆ ಕೂತಿರುತ್ತದೆ. ನಿಮ್ಮ ಮೇಜಿನ ಮೇಲೆ ಅಂಥ ಬಿಲ್ಲು ಇದ್ದರೆ ದಯವಿಟ್ಟು ಇವತ್ತೇ ಖಜಾನೆಗೆ ಕಳಿಸಿ.